ಗಣಕದ ಬರಹ: ತೊಡಕನ್ನು ಅಳೆದ ಇತಿಹಾಸ

ಗಣಕಯಂತ್ರಕ್ಕೆ ಮನುಷ್ಯನು ಬರೆದುಕೊಡುವ ಆಜ್ಞೆಗಳ ಸರಣಿಗೆ ಪ್ರೋಗ್ರಾಮು ಎಂದು ಹೆಸರು. ಅದನ್ನು ಓದುವುದು ಯಂತ್ರವೊಂದೇ ಎಂಬ ಭಾವನೆ ಜನರಲ್ಲಿದೆ. ಇದು ಅರ್ಧ ಸತ್ಯ. ಯಂತ್ರವು ಎಂಥ ಸಿಕ್ಕಾದ ಬರಹವನ್ನಾದರೂ ಬೇಸರವಿಲ್ಲದೆ ನಡೆಸೀತು. ಆದರೆ ತಪ್ಪು ಕಂಡಾಗ ತಿದ್ದಬೇಕಾದವನು, ಹೊಸ ನಿಯಮ ಬಂದಾಗ ಸೇರಿಸಬೇಕಾದವನು ಮನುಷ್ಯ. ಬಹುಮಟ್ಟಿಗೆ ಅವನು ಅದನ್ನು ಬರೆದವನೂ ಅಲ್ಲ. ಆದಕಾರಣ ಬರಹದ ತೊಡಕನ್ನು ಅಳೆಯುವುದೂ ತಗ್ಗಿಸುವುದೂ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಬೆಂಗಳೂರಿನವರಿಗೂ ಕನ್ನಡ ವ್ಯಾಕರಣವನ್ನು ಓದಿದವರಿಗೂ ಈ ಇತಿಹಾಸ ದೂರದ್ದಲ್ಲ.

1968ನೆಯ ವರ್ಷವನ್ನು ಇದರ ಆರಂಭವೆನ್ನಬಹುದು. ಆ ವರ್ಷ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ತಜ್ಞರು ಸಭೆ ಸೇರಿ, ಪ್ರೋಗ್ರಾಮುಗಳು ಬೆಳೆದಂತೆ ಅವು ಬರೆದವರ ಹಿಡಿತವನ್ನೇ ಮೀರುತ್ತಿವೆಯೆಂದು ಚರ್ಚಿಸಿದರು. ಅದೇ ವರ್ಷ ಡಚ್ ವಿದ್ವಾಂಸ ಡೈಕ್‌ಸ್ಟ್ರ ಒಂದು ಪತ್ರವನ್ನು ಪ್ರಕಟಿಸಿ, 'ಅಲ್ಲಿಗೆ ಹೋಗು' ಎಂದು ಎಲ್ಲಿಂದೆಲ್ಲಿಗೋ ಹಾರಿಸುವ ಆಜ್ಞೆಯೇ ಓದುಗನ ದಾರಿ ತಪ್ಪಿಸುತ್ತದೆಂದು ವಾದಿಸಿದನು.

ತೊಡಕುಂಟೆಂಬುದನ್ನು ಎಲ್ಲರೂ ಬಲ್ಲರು. ಎಷ್ಟು ಎಂಬುದಕ್ಕೆ ಅಳತೆ ಬೇಕಲ್ಲವೆ? 1976ರಲ್ಲಿ ಅಮೆರಿಕದ ಥಾಮಸ್ ಮೆಕೇಬ್ ಒಂದು ಅಳತೆಗೋಲನ್ನು ಕೊಟ್ಟನು. ಸಜ್ಜನರಾವ್ ವೃತ್ತದ ಬಳಿಯ ಕಾಂಡಿಮೆಂಟ್ಸ್ ಅಂಗಡಿಯೊಂದರ ಬಿಲ್ಲು ಮಾಡುವ ಪ್ರೋಗ್ರಾಮನ್ನು ಊಹಿಸಿಕೊಳ್ಳೋಣ. ಗಿರಾಕಿ ಕೊಂಡದ್ದು ಒಂದು ಕಿಲೋ ಮೀರಿತೆ? ಮನೆಗೆ ಕಳುಹಿಸಬೇಕೆ? ಹಬ್ಬದ ರಿಯಾಯಿತಿ ಉಂಟೆ? ಇವು ಮೂರು ಪ್ರಶ್ನೆಗಳು. ಮೂರಕ್ಕೆ ಒಂದನ್ನು ಕೂಡಿಸಿದರೆ ನಾಲ್ಕು. ಅದೇ ಆ ಪ್ರೋಗ್ರಾಮಿನ ಅಂಕ. ಅಷ್ಟು ಸ್ವತಂತ್ರ ದಾರಿಗಳು ಅದರಲ್ಲಿವೆ ಎಂದರ್ಥ. ಒಂದು ಭಾಗದಲ್ಲಿ ಈ ಅಂಕ ಹತ್ತನ್ನು ಮೀರದಿದ್ದರೆ ಒಳಿತೆಂದು ಮೆಕೇಬ್ ಸೂಚಿಸಿದನು. ಮರುವರ್ಷ, 1977ರಲ್ಲಿ, ಹಾಲ್‌ಸ್ಟೆಡ್ ಎಂಬಾತನು ಇನ್ನೊಂದು ಮಾರ್ಗ ಹಿಡಿದನು. ನಾವು ವಾಕ್ಯದಲ್ಲಿ ಕ್ರಿಯಾಪದ ನಾಮಪದಗಳನ್ನು ವಿಂಗಡಿಸುವಂತೆ ಅವನು ಕ್ರಿಯೆಯ ಚಿಹ್ನೆಗಳನ್ನೂ ಆ ಕ್ರಿಯೆಗೆ ಒಳಗಾಗುವ ಹೆಸರುಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಲೆಕ್ಕ ಕಟ್ಟಿದನು.

ಈ ಅಳತೆಗಳಲ್ಲಿ ಒಂದು ಕೊರತೆಯಿತ್ತು. ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳಿದರೂ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನಿಟ್ಟು ಕೇಳಿದರೂ ಮೆಕೇಬನ ಅಂಕ ನಾಲ್ಕೇ. ಓದುವವನಿಗೆ ಇವೆರಡೂ ಸಮನಲ್ಲ. ಈಚೆಗೆ ಬಂದ, ಗ್ರಹಿಕೆಯ ತೊಡಕನ್ನು ಅಳೆಯುವ ಕ್ರಮದಲ್ಲಿ ಮೊದಲನೆಯದಕ್ಕೆ ಮೂರು ಅಂಕ. ಎರಡನೆಯದಕ್ಕೆ ಒಂದು, ಎರಡು, ಮೂರು ಸೇರಿ ಆರು. ಒಳಗೊಳಗೆ ಹೊಕ್ಕಷ್ಟೂ ಓದುಗನ ನೆನಪಿಗೆ ಭಾರ ಎಂಬುದನ್ನು ಇದು ಲೆಕ್ಕಕ್ಕೆ ತಂದಿತು.

ಬೆಂಗಳೂರಿಗೆ ಈ ವಿಚಾರ ಜೀವನೋಪಾಯದ ವಿಷಯವಾಯಿತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನೆಲೆಯೂರಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಶೇಷವಾದೊಂದು ಕೆಲಸ ಒದಗಿತು. ಯಂತ್ರದ ನೆನಪು ದುಬಾರಿಯಾಗಿದ್ದ ಕಾಲದಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಿತ್ತು. 2000 ಬಂದರೆ ಸೊನ್ನೆ ಸೊನ್ನೆ. ಯಂತ್ರ ಅದನ್ನು 1900 ಎಂದು ತಿಳಿಯುವ ಭಯ. ಪರದೇಶದ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಹಳೆಯ ಕೋಬಾಲ್ ಬರಹಗಳನ್ನು ಸಾಲು ಸಾಲಾಗಿ ಓದಿ ತಿದ್ದುವ ಹೊಣೆ ನಮ್ಮ ತರುಣ ತರುಣಿಯರ ಪಾಲಿಗೆ ಬಂದಿತು. ಬರೆದವರಲ್ಲಿ ಎಷ್ಟೋ ಮಂದಿ ನಿವೃತ್ತರಾಗಿದ್ದರು, ಕೇಳೋಣವೆಂದರೆ ಸಿಕ್ಕುವಂತಿರಲಿಲ್ಲ. ಓಲೆಗರಿಯನ್ನು ಮುಂದಿಟ್ಟುಕೊಂಡ ಗ್ರಂಥಸಂಪಾದಕನ ಪಾಡೇ ಅವರದೂ ಆಯಿತು.

ತಗ್ಗಿಸುವ ಉಪಾಯಗಳೇನು? ಒಂದು ಭಾಗಕ್ಕೆ ಒಂದೇ ಕೆಲಸ. ಆ ಕೆಲಸವನ್ನು ಹೇಳುವ ಅನ್ವರ್ಥನಾಮ. ಅಪವಾದಗಳನ್ನು ಮೊದಲೇ ಮುಗಿಸಿ ಮುಖ್ಯ ಮಾತನ್ನು ನೇರವಾಗಿ ನಡೆಸುವುದು. ಒಂದೇ ಮಾತನ್ನು ಎರಡೆಡೆ ಬರೆಯದಿರುವುದು. ಹೊರಗಿನ ನಡೆ ಕೆಡದಂತೆ ಒಳಗಿನ ರಚನೆಯನ್ನು ತಿದ್ದುವ ಈ ವಿದ್ಯೆಯನ್ನು ಮಾರ್ಟಿನ್ ಫೌಲರ್ 1999ರ ತನ್ನ ಗ್ರಂಥದಲ್ಲಿ ವಿವರಿಸಿದನು. ಹಳಗನ್ನಡ ಪದ್ಯಕ್ಕೆ ಪದಚ್ಛೇದ, ಅನ್ವಯ ಮಾಡುವ ನಮಗೆ ಇದು ಹೊಸತಲ್ಲ. ಪದಗಳ ಕ್ರಮ ಬದಲಾಗುತ್ತದೆ, ಅರ್ಥ ಬದಲಾಗಬಾರದು.

ಇಲ್ಲೊಂದು ಭ್ರಮೆಯನ್ನು ಬಿಡಬೇಕು. ಕಿರಿದಾದುದೆಲ್ಲ ತಿಳಿಯಾದುದಲ್ಲ. ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಮಗ ಹುಟ್ಟಿದಷ್ಟು ಸಂಭ್ರಮಿಸುವರೆಂಬ ಮಾತುಂಟು. ಆದರೆ ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ. ವೃತ್ತಿಯನ್ನು ತಾನೇ ಬರೆದು, ಕವಿಗಳ ಪ್ರಯೋಗವನ್ನೂ ಕೊಟ್ಟನು. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ವ್ಯಾಕರಣವನ್ನು ಹಿಡಿದಿಟ್ಟಾಗಲೂ ವೃತ್ತಿ, ವ್ಯಾಖ್ಯಾನ ಎರಡನ್ನೂ ಜೊತೆಗಿಟ್ಟನು. ಸೂತ್ರ ಎಷ್ಟು ಬಿಗಿಯೋ ಓದುಗನ ಮೇಲಿನ ಕರುಣೆಯೂ ಅಷ್ಟೇ ಇರಬೇಕೆಂಬುದನ್ನು ಅವರು ಅರಿತಿದ್ದರು.

ಅಂಕವನ್ನು ಇಳಿಸುವುದಕ್ಕಾಗಿಯೇ ಪ್ರೋಗ್ರಾಮನ್ನು ಚೂರುಚೂರು ಮಾಡುವವರೂ ಉಂಟು. ತಪ್ಪು ಸ್ಥಳದಲ್ಲಿ ಪದ ಬಿಡಿಸಿದರೆ ಪದ್ಯ ಕೆಡುವಂತೆ ಅಲ್ಲಿಯೂ ಅರ್ಥ ಚದರಿಹೋಗುತ್ತದೆ. ಅಂಕವು ಜ್ವರವನ್ನು ತೋರಿಸುವ ಥರ್ಮಾಮೀಟರು. ಮದ್ದು ಕೊಡಬೇಕಾದದ್ದು ವೈದ್ಯ. ಇಂದು ವೇತನ, ಪಡಿತರ, ಪರೀಕ್ಷೆಯ ಫಲಿತಾಂಶ ಎಲ್ಲವೂ ಈ ಬರಹಗಳ ಮೇಲೆ ನಿಂತಿವೆ. ಅವು ಓದಲಾಗದಂತಿದ್ದರೆ ಅವುಗಳಲ್ಲಿನ ಅನ್ಯಾಯವನ್ನು ಯಾರೂ ಕಂಡುಹಿಡಿಯಲಾರರು. ಬರೆಯುವವರು ಯಂತ್ರಕ್ಕೆ ಆಜ್ಞೆ ಕೊಡುವಾಗ, ಮುಂದೆ ಬರುವ ಅಪರಿಚಿತ ಓದುಗನೊಬ್ಬನನ್ನೂ ಮನಸ್ಸಿನಲ್ಲಿರಿಸಿಕೊಳ್ಳುವುದು ಅವರ ಧರ್ಮ.