ಚಾಟ್ನಿಯಿಂದ ಕೊಯ್ಲಿನವರೆಗೆ: ಹಣ್ಣಿನ ತೋಟಕ್ಕೆ ಬಂದ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಎಂಬ ಹೆಸರು ಅಥಣಿ ಭಾಗದ ದಾಳಿಂಬೆ ಬೆಳೆಗಾರರಿಗೆ ಪರಿಚಯವಾದದ್ದು ವೈರಿಯ ಹೆಸರಾಗಿ. ಕಾಯಿ ಸೀಳಿ ಕಪ್ಪಾಗಿಸುವ ದುಂಡಾಣು ಅಂಗಮಾರಿಗೆ ಸೋತು ತೋಟ ಕಿತ್ತವರು ಎಷ್ಟೋ ಮಂದಿ. ಈಗ ಅದೇ ಊರುಗಳ ಔಷಧಿ ಅಂಗಡಿಗಳಲ್ಲಿ ಬ್ಯಾಕ್ಟೀರಿಯಾದ ಪೊಟ್ಟಣಗಳನ್ನು ದುಡ್ಡು ಕೊಟ್ಟು ಒಯ್ಯುತ್ತಾರೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉದ್ದನೆಯ ಹೆಸರುಗಳು 'ಸುಡೋ', 'ಬ್ಯಾಸಿಲಸ್' ಎಂದು ಮೊಟಕಾಗಿ ಬಾಯಿಗೆ ಕೂತಿವೆ. ಇವು ತೋಟದವರೆಗೆ ಬಂದ ದಾರಿ ಮಾತ್ರ ಬಲು ಉದ್ದ.

ಶಿಲೀಂಧ್ರ ರೋಗದ ಔಷಧಿಯ ಕಥೆ ದ್ರಾಕ್ಷಿಯಿಂದಲೇ ಶುರುವಾಗಬೇಕು. ಫ್ರಾನ್ಸಿನ ತೋಟಗಳಿಗೆ 1878ರ ಸುಮಾರಿಗೆ ದಾವಣಿ, ಅಂದರೆ ಬೂಜು ತುಪ್ಪಟ ರೋಗ, ಅಮೆರಿಕದಿಂದ ಬಂತು. ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಲ್ಲಿ ಎಲೆ ಉಳಿದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. 1885ರಲ್ಲಿ ಬೋರ್ಡೋ ದ್ರಾವಣ ಪ್ರಕಟವಾಯಿತು. ಐಗಳಿ, ತೆಲಸಂಗ, ಕೊಟ್ಟಲಗಿಯ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಮುಗಿದ ಕೂಡಲೇ ಇವತ್ತಿಗೂ ಹೊಡೆಯುವುದು ಅದನ್ನೇ.

ಬ್ಯಾಕ್ಟೀರಿಯಾದಿಂದ ಶಿಲೀಂಧ್ರವನ್ನು ತಡೆಯುವ ವಿಚಾರ ಗಟ್ಟಿಯಾದದ್ದು 1970ರ ದಶಕದ ನಂತರ, ಅದೂ ಹಣ್ಣಿನ ತೋಟದಲ್ಲಲ್ಲ, ಗೋಧಿ ಮತ್ತು ಬಟಾಟೆ ಹೊಲಗಳಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವರ್ಷ ವರ್ಷ ಗೋಧಿಯನ್ನೇ ಬಿತ್ತಿದ ಹೊಲಗಳಲ್ಲಿ ಬೇರು ಕೊಳೆ ತಾನಾಗಿಯೇ ಇಳಿಯುತ್ತಿತ್ತು. ಬೇರಿನ ಸುತ್ತ ಬೆಳೆದ ಸ್ಯೂಡೋಮೊನಾಸ್ ಅದಕ್ಕೆ ಕಾರಣವೆಂದು ತಿಳಿಯಿತು. 1980ರಲ್ಲಿ ಕ್ಲೋಪರ್ ಮತ್ತು ಸಂಗಡಿಗರು ಅದರ ಒಂದು ಯುಕ್ತಿಯನ್ನು ಬಿಡಿಸಿ ತೋರಿಸಿದರು: ಮಣ್ಣಿನ ಕಬ್ಬಿಣದ ಅಂಶವನ್ನು ಈ ಜೀವಿ ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣ ಸಿಗದ ಶಿಲೀಂಧ್ರ ಸೊರಗುತ್ತದೆ. ಇದಲ್ಲದೆ ಬೇರಿಗೆ ತಗುಲಿದ ಬ್ಯಾಕ್ಟೀರಿಯಾ ಇಡೀ ಗಿಡದ ರೋಗನಿರೋಧವನ್ನೇ ಎಚ್ಚರಿಸುತ್ತದೆ ಎಂಬುದು 1990ರ ದಶಕದ ಆರಂಭದಲ್ಲಿ ಗೊತ್ತಾಯಿತು. ಬ್ಯಾಸಿಲಸ್‌ನ ರೀತಿ ಬೇರೆ. ಅದು ಸುರಿಸುವ ಇಟ್ಯೂರಿನ್, ಫೆಂಜಿಸಿನ್ ಎಂಬ ರಸಾಯನಗಳು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತವೆ.

ಹಣ್ಣಿನ ಮಟ್ಟಿಗೆ ಮುಖ್ಯವಾದ ಹೆಜ್ಜೆ 1984ರದು. ಪ್ಯೂಸಿ ಮತ್ತು ವಿಲ್ಸನ್ ಎಂಬಿಬ್ಬರು ಕೊಯ್ದ ಪೀಚ್ ಹಣ್ಣಿನ ಕಂದು ಕೊಳೆಯನ್ನು ಬ್ಯಾಸಿಲಸ್ ಸಬ್ಟಿಲಿಸ್‌ನಿಂದ ತಡೆದು ತೋರಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ಆಗ್ರಾಕ್ವೆಸ್ಟ್ ಕಂಪನಿ ಬ್ಯಾಸಿಲಸ್‌ನ ಕ್ಯೂಎಸ್‌ಟಿ 713 ತಳಿಯನ್ನು 'ಸೆರೆನೇಡ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಕಂಪನಿಯನ್ನು 2012ರಲ್ಲಿ ಬೇಯರ್ ಕೊಂಡುಕೊಂಡಿತು. ವಿಷ ಮಾರುವ ದೊಡ್ಡ ಕಂಪನಿಯೇ ಬ್ಯಾಕ್ಟೀರಿಯಾಕ್ಕೆ ಕೈಹಾಕಿದ ಮೇಲೆ ಇದು ಸಾವಯವದವರ ಹವ್ಯಾಸವಾಗಿ ಉಳಿಯಲಿಲ್ಲ.

ನಮ್ಮ ದೇಶದಲ್ಲಿ ಮೊದಲು ಓಡಿದ್ದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಸ್ಯೂಡೋಮೊನಾಸನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟುವ ವಿಧಾನವನ್ನು ಅಲ್ಲಿಯವರು 1990ರ ದಶಕದಲ್ಲಿ ಕುದುರಿಸಿದರು. ಬಾಳೆಯ ಪನಾಮಾ ಸೊರಗು ರೋಗಕ್ಕೆ ಅವರು ಹೇಳಿದ ಉಪಾಯ ಇನ್ನೂ ಸ್ವಾರಸ್ಯದ್ದು. ಗಡ್ಡೆಗೆ ಓರೆಯಾಗಿ 10 ಸೆಂ.ಮೀ. ಆಳದ ತೂತು ಕೊರೆಯುವುದು, 60 ಮಿ.ಗ್ರಾಂ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಒಳಗೆ ತಳ್ಳುವುದು, ಬಾಯಿಯನ್ನು ಮಣ್ಣಿನಿಂದ ಮೆತ್ತುವುದು. ನೆಟ್ಟ ಎರಡು, ನಾಲ್ಕು ಮತ್ತು ಆರನೇ ತಿಂಗಳಲ್ಲಿ. ರಾಯಬಾಗ, ಚಿಕ್ಕೋಡಿಯ ನದಿ ದಂಡೆಯಲ್ಲಿ ಜಿ-9 ಬಾಳೆ ಹಚ್ಚುವವರಿಗೆ ಹಳೆಯ ಪನಾಮಾ ರೋಗದ ಹೆದರಿಕೆ ಅಷ್ಟಿಲ್ಲ, ಆ ತಳಿ ಅದನ್ನು ತಡೆದುಕೊಳ್ಳುತ್ತದೆ. ಆದರೆ ಅದೇ ರೋಗದ ಹೊಸ ರೂಪ ಟಿಆರ್-4 ಬಿಹಾರ, ಉತ್ತರ ಪ್ರದೇಶದಲ್ಲಿ ಜಿ-9 ಅನ್ನೂ ಬಿಟ್ಟಿಲ್ಲ. ಆದ್ದರಿಂದ ಕಂದು, ಸಸಿ ತರುವಾಗ ಎಲ್ಲಿಯದೆಂದು ವಿಚಾರಿಸಿಯೇ ತರಬೇಕು.

ದ್ರಾಕ್ಷಿಗೆ ಬ್ಯಾಕ್ಟೀರಿಯಾವನ್ನು ತಂದದ್ದು ರೋಗವಲ್ಲ, ಪರೀಕ್ಷಾ ವರದಿ. ಇದು ನನ್ನ ಗಟ್ಟಿ ಅಭಿಪ್ರಾಯ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಅಂಶ ಮಿತಿಮೀರಿ ಕಂಡು ಕಂಟೇನರುಗಳು ತಡೆಬಿದ್ದವು. ಅದು ಶಿಲೀಂಧ್ರನಾಶಕವಲ್ಲ, ಬೆಳವಣಿಗೆ ತಡೆಯುವ ಔಷಧಿ. ಆದರೂ ಆ ಪೆಟ್ಟಿನಿಂದ ಎಲ್ಲ ಸಿಂಪರಣೆಯ ಮೇಲೂ ಕಣ್ಣು ಬಿತ್ತು. ಕೊಯ್ಲಿಗೆ ತಿಂಗಳಿರುವಾಗ ಬೂದಿ ರೋಗ ಬಂದರೆ ಏನು ಹೊಡೆಯಬೇಕು? ರಸಾಯನ ಹೊಡೆದರೆ ಅಂಶ ಉಳಿಯುತ್ತದೆ, ಬಿಟ್ಟರೆ ಗೊನೆ ಹೋಗುತ್ತದೆ. ಈ ಸಂದಿಯಲ್ಲಿ ಬ್ಯಾಸಿಲಸ್‌ಗೆ ಜಾಗ ಸಿಕ್ಕಿತು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಡಿಆರ್-39ರಂಥ ತಳಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಕೆಲವು ದ್ರಾಕ್ಷಿಯ ಮೇಲಿನ ಕಾರ್ಬೆಂಡಾಜಿಮ್ ಅಂಶವನ್ನು ಬೇಗ ಕರಗಿಸುತ್ತವೆ ಎಂಬುದೂ ಅಲ್ಲಿಯ ಪ್ರಯೋಗದಿಂದಲೇ ತಿಳಿದದ್ದು.

ಅಥಣಿ, ಕಾಗವಾಡದ ಹೆಚ್ಚಿನ ದ್ರಾಕ್ಷಿ ಮಾತ್ರ ಯುರೋಪಿಗೆ ಹೋಗುವುದಿಲ್ಲ. ಶೆಡ್ಡಿನ ಬಲೆಯ ಮೇಲೆ ಒಣಗಿ ಮಣೂಕವಾಗಿ ಸಾಂಗಲಿ, ತಾಸಗಾಂವ ಪೇಟೆ ಸೇರುತ್ತದೆ. ಅಲ್ಲಿ ಬಣ್ಣ, ಗಾತ್ರಕ್ಕೆ ದರ; ಅಂಶದ ವರದಿಯನ್ನು ರೈತನಿಂದ ಕೇಳುವವರು ಕಡಿಮೆ. ಹಾಗಾಗಿ ಗಡಿಯಾಚೆ ರಫ್ತು ಬೆಳೆಗಾರರನ್ನು ಬ್ಯಾಸಿಲಸ್ ಕಡೆ ತಳ್ಳಿದ ಒತ್ತಾಯ ಈಚೆ ಕಡೆ ಸಡಿಲ. ಆದರೆ ಸುಮಾರು 4 ಕಿಲೊ ಹಸಿ ದ್ರಾಕ್ಷಿಗೆ 1 ಕಿಲೊ ಒಣದ್ರಾಕ್ಷಿ ಎಂಬ ಲೆಕ್ಕವನ್ನು ಮರೆಯಬಾರದು. ನೀರು ಹಾರಿಹೋಗುತ್ತದೆ, ತೊಳೆದರೂ ಒಣಗಿಸಿದರೂ ಹೋಗದ ಔಷಧಿ ಅಷ್ಟೇ ಪಟ್ಟು ಗಟ್ಟಿಯಾಗುತ್ತದೆ.

ಎಲ್ಲ ರೋಗಕ್ಕೂ ಬ್ಯಾಕ್ಟೀರಿಯಾ ಸಾಕು ಎನ್ನುವ ಅಂಗಡಿಯವನ ಮಾತನ್ನು ನಂಬಲಾಗದು. ಬೂದಿ ರೋಗದ ಶಿಲೀಂಧ್ರ ಎಲೆ, ಕಾಯಿಯ ಮೇಲ್ಮೈಯಲ್ಲಿ ಹರಡುತ್ತದೆ. ಅಲ್ಲಿ ಬ್ಯಾಸಿಲಸ್‌ಗೆ ಅದು ಎದುರಿಗೇ ಸಿಗುತ್ತದೆ. ದಾವಣಿ ಎಲೆಯ ಒಳಗೆ ಬೇರೂರುತ್ತದೆ, ಮೇಲಾಗಿ ಜೀವಶಾಸ್ತ್ರದ ಪ್ರಕಾರ ಅದು ನಿಜವಾದ ಶಿಲೀಂಧ್ರವೂ ಅಲ್ಲ, ಪಾಚಿಯ ಬಳಗಕ್ಕೆ ಹತ್ತಿರದ್ದು. ಚಾಟ್ನಿಯಾದ ಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಬರೀ ಬ್ಯಾಕ್ಟೀರಿಯಾ ನೆಚ್ಚಿ ಕೂತವರು ಹೂಗೊನೆ ಕಳೆದುಕೊಳ್ಳುತ್ತಾರೆ.

ಬೇರಿನ ರೋಗದ ಮಾತು ಬೇರೆ. ದಾಳಿಂಬೆಯ ಸೊರಗು ರೋಗ 1990ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಕಂಡದ್ದು. ಸೆರಟೋಸಿಸ್ಟಿಸ್ ಎಂಬ ಶಿಲೀಂಧ್ರವೇ ಅದಕ್ಕೆ ಕಾರಣವೆಂದು ಗೊತ್ತಾಗಲು ಮತ್ತೆ ಆರೇಳು ವರ್ಷ ಹಿಡಿಯಿತು. ಮಣ್ಣಿನೊಳಗಿನ ಈ ರೋಗ ಹತ್ತಿದ ಗಿಡವನ್ನು ಉಳಿಸುವುದು ಕಷ್ಟ. ಪಕ್ಕದ ಗಿಡಗಳ ಬುಡಕ್ಕೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಸ್ಯೂಡೋಮೊನಾಸ್ ಮತ್ತು ಟ್ರೈಕೋಡರ್ಮಾ ಮೊದಲೇ ಕೊಟ್ಟರೆ ಉಪಯೋಗ ಕಾಣುತ್ತದೆ. ಟ್ರೈಕೋಡರ್ಮಾ ಬ್ಯಾಕ್ಟೀರಿಯಾವಲ್ಲ, ಶಿಲೀಂಧ್ರವೇ. ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿರುವುದರಿಂದ ಗೊಂದಲ.

ಕೊನೆಗೆ ಎಲ್ಲ ನಿಲ್ಲುವುದು ಪೊಟ್ಟಣದೊಳಗೆ ಜೀವ ಉಳಿದಿದೆಯೇ ಎಂಬುದರ ಮೇಲೆ. ಸ್ಯೂಡೋಮೊನಾಸ್ ಪುಡಿಯ 1 ಗ್ರಾಂನಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳಿರಬೇಕೆಂಬುದು ಸರಕಾರದ ಮಾನದಂಡ. ಬ್ಯಾಸಿಲಸ್ ಗಟ್ಟಿ ಬೀಜಕವಾಗಿ ಮುದುಡಿಕೊಂಡು ಬಿಸಿಲು ತಾಳುತ್ತದೆ. ಸ್ಯೂಡೋಮೊನಾಸ್‌ಗೆ ಆ ಶಕ್ತಿಯಿಲ್ಲ. ಏಪ್ರಿಲ್‌ನ ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿ ಬಿದ್ದ ಪುಡಿ ಬರೀ ಟಾಲ್ಕ್ ಆಗಿರಬಹುದು. 200 ಲೀಟರ್ ಬ್ಯಾರಲ್ಲಿನಲ್ಲಿ ಬೆಲ್ಲ ಕಲಸಿ ಇದನ್ನು ಹೆಚ್ಚಿಸಿಕೊಂಡು ಡ್ರಿಪ್‌ನಲ್ಲಿ ಬಿಡುವ ರೂಢಿ ಈಗ ಎಲ್ಲೆಡೆ ಇದೆ. ಖರ್ಚು ಉಳಿಯುವುದು ನಿಜ, ಆದರೆ ತೆರೆದ ಬ್ಯಾರಲ್ಲಿನಲ್ಲಿ ಬೆಲ್ಲ ತಿಂದು ಬೆಳೆದದ್ದು ಯಾವ ಜೀವಿ ಎಂದು ಬರಿಗಣ್ಣಿಗೆ ಹೇಳಲು ಬಾರದು. ಅದಕ್ಕಿಂತ ದೊಡ್ಡ ತಪ್ಪು, ಬೋರ್ಡೋ ಅಥವಾ ಬೇರೆ ತಾಮ್ರದ ಔಷಧಿಯ ಜತೆ ಒಂದೇ ಟ್ಯಾಂಕಿನಲ್ಲಿ ಇದನ್ನು ಕಲಸುವುದು. ದಾಳಿಂಬೆಯ ಅಂಗಮಾರಿಗೆಂದು ಹೊಡೆಯುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್ ಕೂಡ ವೈರಿ ಬ್ಯಾಕ್ಟೀರಿಯಾ ಯಾವುದು, ದುಡ್ಡು ಕೊಟ್ಟು ತಂದದ್ದು ಯಾವುದು ಎಂದು ನೋಡುವುದಿಲ್ಲ.