ಆಚೆ ದಡವಿಲ್ಲದ ಸೇತುವೆ

ಮಂಗಳೂರಿನವರಿಗೆ ಧಕ್ಕೆ ಎಂದರೆ ದೋಣಿ, ಮಂಜುಗಡ್ಡೆ, ಮೀನಿನ ಬುಟ್ಟಿ. ಕೆಲಸವಿಲ್ಲದೆ ಅಲ್ಲಿ ಅಡ್ಡಾಡಿದರೆ ಬೈಸಿಕೊಳ್ಳಬೇಕಾದೀತು. ಕೆಲಸವಿಲ್ಲದವರು ಅಡ್ಡಾಡಲಿಕ್ಕೆಂದೇ ಧಕ್ಕೆ ಕಟ್ಟುವ ಗೀಳು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಹಿಡಿದಿತ್ತು. ಅದಕ್ಕೆ ಪಿಯರ್ ಎಂದು ಹೆಸರು.

ಮೊದಲಿಗೆ ಅದೂ ಕೆಲಸದ ಕಟ್ಟೆಯೇ. ಐಲ್ ಆಫ್ ವೈಟ್ ದ್ವೀಪದ ರೈಡ್ ಊರಿನಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹುದೂರ ಹಿಂದೆ ಸರಿಯುತ್ತಿತ್ತು. ದೋಣಿಯಲ್ಲಿ ಬಂದವರು ಹಮಾಲರ ಬೆನ್ನೇರಿ ಇಳಿದು, ಅರ್ಧ ಮೈಲಿ ಒದ್ದೆ ಮರಳು ತುಳಿದು ಊರು ಸೇರಬೇಕಿತ್ತು. 1814ರಲ್ಲಿ ಅಲ್ಲಿ ಮರದ ಪಿಯರ್ ಬಂತು. 1823ರಲ್ಲಿ ಬ್ರೈಟನ್ನಿನಲ್ಲಿ ಸ್ಯಾಮ್ಯುಯೆಲ್ ಬ್ರೌನ್ ಸರಪಳಿಗಳಿಂದ ತೂಗುಹಾಕಿದ ಚೈನ್ ಪಿಯರ್ ಕಟ್ಟಿದ. ಅದೂ ಹಡಗುಗಳಿಗೆಂದೇ ಕಟ್ಟಿದ್ದು. ಆದರೆ ಹಡಗು ಹತ್ತುವ ಉದ್ದೇಶವೇ ಇಲ್ಲದವರೂ ಸುಂಕ ಕೊಟ್ಟು ತುದಿಯವರೆಗೆ ನಡೆದು, ಗಾಳಿ ಕುಡಿದು, ಹಿಂದಿರುಗತೊಡಗಿದರು. ಕಾಲು ಒದ್ದೆಯಾಗದೆ, ಹೊಟ್ಟೆ ತೊಳಸದೆ ನಡುಗಡಲಲ್ಲಿ ನಿಂತ ಸುಖಕ್ಕೆ ಜನ ಕಾಸು ಬಿಚ್ಚುತ್ತಾರೆ ಎಂಬ ಗುಟ್ಟು ಬಯಲಾಯಿತು. ಆಮೇಲಿನದೆಲ್ಲ ಈ ಗುಟ್ಟಿನ ಮೇಲೆ ಬೆಳೆದ ವ್ಯಾಪಾರ.

ಆ ವ್ಯಾಪಾರಕ್ಕೆ ಕಾಲು ಕೊಟ್ಟವನು ಅಲೆಕ್ಸಾಂಡರ್ ಮಿಚೆಲ್ ಎಂಬ ಐರಿಷ್ ಎಂಜಿನಿಯರ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಕಬ್ಬಿಣದ ಕಂಬದ ಬುಡಕ್ಕೆ ಅಗಲವಾದ ತಿರುಪಿನ ಅಲಗು ಕೂರಿಸಿ, ಬಡಿಯುವ ಬದಲು ತಿರುಗಿಸುತ್ತ ಮರಳಿನೊಳಗೆ ಇಳಿಸುವ ಉಪಾಯಕ್ಕೆ 1833ರಲ್ಲಿ ಅವನು ಪೇಟೆಂಟ್ ಪಡೆದ. ಸಣಕಲು ಕಂಬಗಳ ನಡುವೆ ಅಲೆ ತೂರಿ ಹೋಗುತ್ತದೆ. ಗೋಡೆಯಂತೆ ಎದುರಿಸಿ ಏಟು ತಿನ್ನಬೇಕಿಲ್ಲ. ಯೂಜಿನಿಯಸ್ ಬರ್ಚ್ ಇದನ್ನು 1855ರಲ್ಲಿ ಮಾರ್ಗೇಟ್‌ನಲ್ಲಿ ಬಳಸಿದ. ಭಾರತದ ರೈಲುಮಾರ್ಗಗಳಿಗೂ ದುಡಿದಿದ್ದ ಈತ ಒಟ್ಟು 14 ಪಿಯರ್‌ಗಳನ್ನು ಕಟ್ಟಿದ. ಬ್ಲ್ಯಾಕ್‌ಪೂಲಿನ ನಾರ್ತ್ ಪಿಯರ್ (1863), ಬ್ರೈಟನ್ನಿನ ವೆಸ್ಟ್ ಪಿಯರ್ (1866) ಅವನವೇ. ಕ್ಲೀವ್‌ಡನ್‌ನವರು ಇನ್ನೂ ಜಾಣರು: ಕಿತ್ತುಹಾಕಿದ ರೈಲು ಹಳಿಗಳನ್ನೇ ಜೋಡಿಸಿ 1869ರಲ್ಲಿ ಅತ್ಯಂತ ನಾಜೂಕಾದ ಪಿಯರ್ ನಿಲ್ಲಿಸಿದರು.

ಜನರನ್ನು ತಂದು ಸುರಿದದ್ದು ರೈಲು. 1871ರ ಕಾಯ್ದೆ ಬ್ಯಾಂಕ್ ರಜೆಗಳನ್ನು ಕೊಟ್ಟ ಮೇಲಂತೂ ಗುಮಾಸ್ತರು, ಗಿರಣಿ ಕೆಲಸಗಾರರು ಸಂಸಾರ ಸಮೇತ ಬರತೊಡಗಿದರು. ಬರೀ ಗಾಳಿ ಕುಡಿದು ಹೋಗುವವರಲ್ಲ ಇವರು. ಬ್ಯಾಂಡು, ನಾಟಕಶಾಲೆ, ಭವಿಷ್ಯ ಹೇಳುವವರು ಒಬ್ಬೊಬ್ಬರಾಗಿ ಹಲಗೆ ಹತ್ತಿದರು. ಒಂದು ಪೆನ್ನಿ ಹಾಕಿ ಹಿಡಿ ತಿರುಗಿಸಿದರೆ ಚಿತ್ರಗಳು ಸರಸರನೆ ಮಗುಚಿ ಚಲಿಸುವ ಮ್ಯೂಟೊಸ್ಕೋಪ್ ಪೆಟ್ಟಿಗೆಗಳು ಬಂದವು. ಅವುಗಳಲ್ಲಿ ಪೋಲಿ ಚಿತ್ರಗಳಿಗೇ ಗಿರಾಕಿ ಹೆಚ್ಚು. ಸೌತೆಂಡಿನ ಪಿಯರ್ 2 ಕಿಲೋಮೀಟರಿಗೂ ಮಿಕ್ಕಿ ಬೆಳೆದು, ಅದರ ಮೇಲೆ ರೈಲೇ ಓಡಿತು. ಇಂದಿಗೂ ಲೋಕದ ಅತಿ ಉದ್ದದ ವಿಹಾರ ಪಿಯರ್ ಅದೇ.

ಚೈನ್ ಪಿಯರ್ 1896ರ ಡಿಸೆಂಬರಿನ ಬಿರುಗಾಳಿಗೆ ಕೊಚ್ಚಿಹೋಯಿತು. ಮೂರು ವರ್ಷಕ್ಕೆ ಬ್ರೈಟನ್ನಿನಲ್ಲಿ ಪ್ಯಾಲೇಸ್ ಪಿಯರ್ ತೆರೆಯಿತು: 525 ಮೀಟರ್ ಉದ್ದ, 3,000 ವಿದ್ಯುದ್ದೀಪ. ಇವತ್ತು ಅದರ ತುದಿಯಲ್ಲಿ ರೋಲರ್ ಕೋಸ್ಟರ್, ತಿರುಗುಕುದುರೆ, ಗೋಪುರದ ಸುತ್ತ ಸುತ್ತಿ ಇಳಿಯುವ ಜಾರುಬಂಡೆ. ನಡುವೆ 2 ಪೆನ್ಸ್ ನಾಣ್ಯ ತಳ್ಳುವ ಯಂತ್ರಗಳು. ಇನ್ನೇನು ಬಿತ್ತು ಎನ್ನುವ ನಾಣ್ಯದ ರಾಶಿ ಬೀಳುವುದೇ ಇಲ್ಲ, ಕೈ ಮಾತ್ರ ಮತ್ತೆ ಜೇಬಿಗೆ ಹೋಗುತ್ತದೆ. ನಮ್ಮ ಜಾತ್ರೆಯ ರಿಂಗ್ ಎಸೆಯುವ ಆಟದ ಅಣ್ಣತಮ್ಮಂದಿರು ಇವು.

ಅಟ್ಲಾಂಟಿಕ್ ದಾಟಿದ ಮೇಲೆ ಇದೇ ಚಾಳಿ ಇನ್ನೂ ಅಬ್ಬರವಾಯಿತು. ಅಟ್ಲಾಂಟಿಕ್ ಸಿಟಿಯ ಸ್ಟೀಲ್ ಪಿಯರಿನಲ್ಲಿ ಕುದುರೆಯನ್ನು ಎತ್ತರದ ಅಟ್ಟದಿಂದ ನೀರಿಗೆ ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಆ ಮನರಂಜನೆಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಪಿಯರ್‌ನದು ಬೇರೆಯೇ ತಮಾಷೆ. 1909ರಲ್ಲಿ ಅದನ್ನು ಕಟ್ಟಿದ್ದು ಊರಿನ ಚರಂಡಿ ಕೊಳವೆಯನ್ನು ಸಮುದ್ರಕ್ಕೆ ಒಯ್ಯಲು. ಜೈಂಟ್ ವ್ಹೀಲ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಇದನ್ನು ಹೇಳುವುದು ಸಭ್ಯತೆಯಲ್ಲ.

ಇಂಗ್ಲೆಂಡಿನಲ್ಲಿ ಇಳಿಗಾಲ 1940ರಲ್ಲೇ ಮುಖ ತೋರಿಸಿತು. ಜರ್ಮನ್ ಸೈನ್ಯ ಬಂದಿಳಿಯದಿರಲೆಂದು ಎಷ್ಟೋ ಪಿಯರ್‌ಗಳನ್ನು ನಡುವೆ ಕತ್ತರಿಸಿದರು. ಯುದ್ಧ ಮುಗಿದ ಮೇಲೆ ಅಗ್ಗದ ವಿಮಾನಗಳು ಗಿರಾಕಿಗಳನ್ನು ಸ್ಪೇನಿನ ಬಿಸಿಲಿಗೆ ಒಯ್ದವು. ಉಪ್ಪುಗಾಳಿ ಮಾತ್ರ ಕಬ್ಬಿಣ ತಿನ್ನುವುದನ್ನು ನಿಲ್ಲಿಸಲಿಲ್ಲ. 1970ರಲ್ಲಿ ಕ್ಲೀವ್‌ಡನ್ ಪಿಯರ್ ಭಾರ ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿರುವಾಗಲೇ ಅದರ ಎರಡು ಅಂಕಣ ಕುಸಿದವು. ಊರವರು ಹಟ ಹಿಡಿದು ಮತ್ತೆ ಕಟ್ಟಿಸಿದರು. ಹೇಸ್ಟಿಂಗ್ಸ್ ಪಿಯರ್ 2010ರಲ್ಲಿ ಸುಟ್ಟಿತು. ಮತ್ತೆ ಕಟ್ಟುವಾಗ ಮೇಲಿನ ಹಲಗೆ ಹಾಸನ್ನು ಬಹುಮಟ್ಟಿಗೆ ಬಯಲಾಗಿಯೇ ಬಿಟ್ಟರು, ಆ ಬಯಲಿಗೆ ವಾಸ್ತುಶಿಲ್ಪದ 2017ರ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಪಿಯರ್‌ಗಳ ಇನ್ನೂರು ವರ್ಷದ ಗದ್ದಲದ ನಂತರ ಅದು ಮತ್ತೆ ಬರೀ ಗಾಳಿ ಕುಡಿಯುವ ಜಾಗವಾಗಿತ್ತು.

ವೆಸ್ಟ್ ಪಿಯರಿಗೆ ಆ ಅದೃಷ್ಟ ಇರಲಿಲ್ಲ. 1975ರಲ್ಲಿ ಮುಚ್ಚಿತು, 2002ರ ಕೊನೆಯಲ್ಲಿ ಒಂದಷ್ಟು ಕುಸಿಯಿತು, ಮರುವರ್ಷ ಎರಡು ಸಲ ಬೆಂಕಿ ಬಿತ್ತು. ಈಗ ದಡಕ್ಕೆ ನಂಟೇ ಇಲ್ಲದ ಒಂದು ತುಕ್ಕಿನ ಅಸ್ಥಿಪಂಜರ ನೀರಿನಲ್ಲಿ ನಿಂತಿದೆ. ಸಂಜೆಯಾದರೆ ಪ್ಯಾಲೇಸ್ ಪಿಯರಿನ ದೀಪಗಳಿಗೆ ಬೆನ್ನು ಹಾಕಿ, ಈ ಅಸ್ಥಿಪಂಜರದ ಚಿತ್ರ ತೆಗೆಯುವವರು ದಂಡೆಯ ಬೆಣಚುಕಲ್ಲುಗಳ ಮೇಲೆ ಸಾಲಾಗಿ ಕೂತಿರುತ್ತಾರೆ.