ಯೋಗ ಶುರು ಮಾಡೋಕೆ ಯಾವ ಕಾಲ ಒಳ್ಳೇದು?

ಜೂನ್ 21 ಬಂತು ಅಂದ್ರೆ ಫೋನ್ ತುಂಬಾ ಯೋಗದ ಫೋಟೋಗಳು. ವಿಶ್ವಸಂಸ್ಥೆ 2014ರಲ್ಲಿ ಈ ದಿನ ಘೋಷಿಸಿತು. ಎಷ್ಟೋ ಜನ ಮೊದಲ ಸಲ ಮ್ಯಾಟ್ ಹಾಸೋದೂ ಅವತ್ತೇ.

ಆದರೆ ಸುಮಾರು 300 ವರ್ಷ ಹಳೆಯ ಸಂಸ್ಕೃತ ಗ್ರಂಥ ‘ಘೇರಂಡ ಸಂಹಿತೆ’ ಓದಿದಾಗ ನನಗೆ ಅಚ್ಚರಿಯಾಯ್ತು. ಯೋಗವನ್ನು ವಸಂತದಲ್ಲಿ ಇಲ್ಲವೇ ಶರದೃತುವಿನಲ್ಲಿ ಆರಂಭಿಸಿ ಅನ್ನುತ್ತೆ ಅದು. ಬೇಸಿಗೆ, ಮಳೆ, ಚಳಿಗಾಲದಲ್ಲಿ ಶುರು ಮಾಡಿದರೆ ರೋಗ ಬರುತ್ತೆ ಅಂತ ಎಚ್ಚರಿಸುತ್ತೆ. ಅಂದ್ರೆ ಜೂನ್ ಲೆಕ್ಕಕ್ಕೇ ಇಲ್ಲ!

ಗಮನಿಸಿ, ಈ ನಿಯಮ ಆರಂಭಕ್ಕೆ ಮಾತ್ರ. ಋತು ಬದಲಾಯ್ತು ಅಂತ ಅಭ್ಯಾಸ ನಿಲ್ಲಿಸೋಕಲ್ಲ. ಅತಿ ಸೆಕೆ, ಅತಿ ಚಳಿ ಇಲ್ಲದಾಗ ಹೊಸಬರ ದೇಹ ಬೇಗ ಒಗ್ಗುತ್ತೆ ಅನ್ನೋ ತರ್ಕ ಇರಬೇಕು ಅಂತ ನನಗನಿಸುತ್ತೆ.

ಜೂನ್‌ನಲ್ಲಿ ಶುರು ಮಾಡಿ ಜುಲೈಗೆ ಬಿಟ್ಟವರು ಬೇಜಾರಾಗಬೇಡಿ. ಶರನ್ನವರಾತ್ರಿ ಬರುತ್ತೆ, ಶರದೃತು ಅಲ್ಲಿಂದಲೇ ಶುರು.